ಮೂಲೆ ಕತ್ತರಿಸಿದ ಲಕೋಟೆ

ನನ್ನ ತಮ್ಮ ಜಯತೀರ್ಥ ಜೇವರ್ಗಿಯಲ್ಲಿ ಹಿಂದಿ ಮಾಸ್ತರನಾಗಿದ್ದ. ಆದರೆ ಊರು ಅವನನ್ನು ನೆನೆಯುವುದು ಚೀನಾದ ಅಂಚೆಚೀಟಿಗಾಗಿ. ಎಪ್ಪತ್ತರ ದಶಕದಲ್ಲಿ ಪೇಕಿಂಗ್ ರೇಡಿಯೊಗೆ ಕಾಗದ ಬರೆದು, ಬಂದ ಉತ್ತರದ ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿಟ್ಟುಕೊಂಡ. ಅಲ್ಲಿಂದ ಹಿಡಿದ ಹುಚ್ಚು. ಹುಡುಗರು ‘ಚೀನಾ ಮಾಸ್ತರ’ ಎಂದರು. ಒಮ್ಮೆ ಪೊಲೀಸರೂ ಬಂದು ಆಲ್ಬಮ್ ತಿರುವಿ ಹೋದರು. ನಾನೇನು ಕಡಿಮೆಯವನಲ್ಲ. ಅಫಜಲಪುರದ ಕಚೇರಿಯ ಗುಮಾಸ್ತನೆಂಬ ಜಂಬದಲ್ಲಿ ನಾಲ್ಕು ಮಂದಿಯೆದುರು ಅಂದಿದ್ದೇನೆ: “ಮಂದಿ ಉಗುಳು ಹಚ್ಚಿದ ಕಾಗದ ಆರಿಸ್ಕೋತ ಕೂಡ್ತಿಯಲ್ಲೋ, ನಾಚಿಕಿ ಬರಂಗಿಲ್ಲೇನು?”

ಬರುಬರುತ್ತ ಅವನಿಗೆ ಚೀಟಿಗಿಂತ ಲಕೋಟೆಯೇ ಹೆಚ್ಚಾಯಿತು. ಯಾವ ಊರಿನ ಮುದ್ರೆ, ಯಾವ ತಾರೀಕು, ಯಾವ ದಾರಿಯಿಂದ ಬಂತು, ಇದೇ ಧ್ಯಾನ. ೧೯೮೩ರಲ್ಲಿ ಆಳಂದದ ಬಟ್ಟೆ ವ್ಯಾಪಾರಿ ದೌಲತರಾಯರ ಮನೆಯಲ್ಲಿ, ಹಳೆಯ ಕಾಗದ ಚುಚ್ಚಿಡುವ ತಂತಿಯಲ್ಲಿ ಅವನಿಗೊಂದು ಲಕೋಟೆ ಸಿಕ್ಕಿತು. ೧೯೪೮ರಲ್ಲಿ ಶಾಂಘೈಯಿಂದ ಹೊರಟು, ರಜಾಕಾರರ ಹಾವಳಿಯ ನಡುವೆ ಆಳಂದ ಮುಟ್ಟಿದ್ದು. ಹಡಗಿನಲ್ಲಿ ಅಡಿಗೆ ಮಾಡುತ್ತಿದ್ದ ಅವರ ಸಂಬಂಧಿಕನೊಬ್ಬ ಬರೆದದ್ದಂತೆ. ಚೀನಾದಲ್ಲಿ ಹಣದ ಬೆಲೆ ನೆಲಕಚ್ಚಿದ್ದ ಕಾಲ. ಹಚ್ಚಿದ ಚೀಟಿಗಳೇ ಹದಿನೇಳು. ಆ ಒಂದು ಲಕೋಟೆಯ ಜಾಡು ಹಿಡಿದು ಜಯತೀರ್ಥ ಅರವತ್ತು ಪುಟ ಬರೆದ. ಮುಂಬೈಯ ಪತ್ರಿಕೆಯೊಂದು ಅಚ್ಚು ಹಾಕಲು ಒಪ್ಪಿತು. ಷರತ್ತು ಒಂದೇ: ಚೀನೀ ಮುದ್ರೆಗಳನ್ನು ಬಲ್ಲವರಿಂದ ಓದಿಸಿ, ಅಸಲು ಲಕೋಟೆಯನ್ನು ತೋರಿಸಬೇಕು.

ಕ್ಯಾಂಟನ್ನಿನಲ್ಲಿ ಲಿಯಾಂಗ್ ಎಂಬ ನಿವೃತ್ತ ಅಂಚೆ ನೌಕರ ಅವನಿಗೆ ಕಾಗದದ ಮೇಲಿನ ಗೆಳೆಯ. ಜಯತೀರ್ಥ ಜೀವ ಕೈಯಲ್ಲಿ ಹಿಡಿದು ಲಕೋಟೆಯನ್ನು ಅವನಿಗೆ ರಿಜಿಸ್ಟರ್ ಮಾಡಿದ. ಲಿಯಾಂಗ್ ಮುದ್ರೆಗಳನ್ನು ಓದಿ, ವಿವರ ಬರೆದು, ಎಲ್ಲವನ್ನೂ ಅಲ್ಲಿಯ ಹಳೆಯ ಪತ್ರಿಕೆಯೊಂದರ ಹಾಳೆಗಳ ನಡುವೆ ಇಟ್ಟು ತಿರುಗಿ ಕಳಿಸಿದ. ಬಡ ಮುದುಕ, ಅಚ್ಚಾದ ಕಾಗದವೆಂದು ಅಗ್ಗದ ದರದಲ್ಲಿ ಹಾಕಿದ. ಹಾಗೆ ಹಾಕುವಾಗ ಒಳಗಿನದು ಕಾಣಲೆಂದು ಹೊರಗಿನ ಲಕೋಟೆಯ ಒಂದು ಮೂಲೆ ಕತ್ತರಿಸುವುದು ಅಲ್ಲಿಯ ಅಂಚೆಯ ರೂಢಿ.

ನಮ್ಮ ಕಡೆ ಮೂಲೆಯಿಲ್ಲದ ಕಾಗದ ಬಂತೆಂದರೆ ಸಾವಿನ ಸುದ್ದಿ. ಅದನ್ನು ಹೊಸ್ತಿಲು ದಾಟಿಸಬಾರದು, ಕೂಡಲೇ ಹರಿದು ಚೆಲ್ಲಬೇಕು.

ಆಗ ನಾನು ಹೊಟ್ಟೆಯ ಆಪರೇಷನ್ ಆಗಿ ಸೊಲ್ಲಾಪುರದ ದವಾಖಾನೆಯಲ್ಲಿ ಬಿದ್ದಿದ್ದೆ. ಜಯತೀರ್ಥ ಶಾಲೆಯಲ್ಲಿದ್ದ. ಕಣ್ಣಿಗೆ ಪೊರೆ ಬಂದಿದ್ದ ನಮ್ಮವ್ವ ಭಾಗೀರಥಿಬಾಯಿ ಟಪಾಲಿನ ಭೀಮಶಾನ ಕೈಯಿಂದ ಲಕೋಟೆ ತೆಗೆದುಕೊಂಡು ಸವರಿದಳು. ಬೆರಳಿಗೆ ಮೂಲೆ ಸಿಗಲಿಲ್ಲ. ಇದ್ದ ಬಲವೆಲ್ಲ ಹಾಕಿ ಹರಿದು ಗಟಾರಕ್ಕೆ ಚೆಲ್ಲಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಹೊಯ್ದುಕೊಂಡಳು.

“ವ್ಯಂಕಟೇಶ ಹೋದನಲ್ಲೋ! ಕಾಗದ ಬಂದದ!”

ವ್ಯಂಕಟೇಶನೆಂದರೆ ನಾನೇ. ಶಾಲೆಯಿಂದ ಓಡಿ ಬಂದ ಜಯತೀರ್ಥ ಇದನ್ನು ಕೇಳಿ, ಸಿಕ್ಕ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಬಂದ. ಗಂಜಿ ಕುಡಿಯುತ್ತ ಕೂತಿದ್ದ ನನ್ನನ್ನು ಕಂಡು, ಕಾಲು ಹಿಡಿದು ಗೊಳೋ ಎಂದು ಅತ್ತ. ನನ್ನನ್ನು ಇಷ್ಟು ಹಚ್ಚಿಕೊಂಡಿದ್ದಾನೆ ಎಂದು ನನಗೆ ಅಂದೇ ತಿಳಿದದ್ದು.

ಮರುದಿನ ಜೇವರ್ಗಿಯಲ್ಲಿ ಬಸ್ಸಿಳಿದಾಗ ಭೀಮಶಾ ಕೇಳಿದನಂತೆ: “ಮಾಸ್ತರ, ಚೀನಾದ್ದು ದಪ್ಪ ಲಕೋಟಿ ಬಂದಿತ್ತಲ್ರಿ, ಅವ್ವಾರ ಕೈಯಾಗ ಕೊಟ್ಟೇನಿ. ಮುಟ್ಟಿಲ್ಲೇನ್ರಿ?”

ಜಯತೀರ್ಥ ಮನೆಗೆ ಓಡಿ, ಮೊಣಕೈತನಕ ಗಟಾರದಲ್ಲಿ ಕೈ ಹಾಕಿ ಹುಡುಕಿದ. ಸಿಕ್ಕದ್ದು ಒಂದು ಹಿಡಿ ರಾಡಿ. ಅಸಲಿಲ್ಲದ ಬರಹ ಬೇಡವೆಂದು ಮುಂಬೈಯವರು ಅರವತ್ತೂ ಪುಟ ತಿರುಗಿ ಕಳಿಸಿದರು. ಅವ್ವ ಮಾತ್ರ ಓಣಿಯಲ್ಲೆಲ್ಲ, “ನಾ ಲಗೂನ ಹರದು ಚೆಲ್ಲಿದೆ, ಅದಕ್ಕ ನನ್ನ ಮಗನ ಗಂಡಾಂತರ ತಪ್ತು” ಎಂದು ಹೇಳಿಕೊಂಡು ತಿರುಗಿದಳು. ಸಾಯುವತನಕ ಅವಳಿಗೆ ಅವನು ನಿಜ ಹೇಳಲಿಲ್ಲ. ಆ ಒಂದಕ್ಕೆ ಅವನಿಗೆ ಕೈ ಮುಗಿಯಬೇಕು.

ನಾನು ಚೇತರಿಸಿಕೊಂಡು ಅವನ ಮನೆಗೆ ಹೋದೆ. ಸಮಾಧಾನ ಹೇಳಲು ಹೋಗಿ ನನ್ನ ಹಳೆಯ ಚಾಳಿಯನ್ನೇ ತೋರಿಸಿದೆ: “ಹೋಗ್ಲಿ ಬಿಡೋ, ಒಂದು ಹಳೀ ಕಾಗದ. ನಾ ಉಳದೇನಲ್ಲ?”

ಅವನು ನನ್ನ ಮುಖವನ್ನೇ ನೋಡಿದ.

“ಅಣ್ಣಾ, ಅವ್ವ ಹರಿದದ್ದು ಖರೇನೇ ನಿನ್ನ ಸಾವಿನ ಕಾಗದ ಆಗಿದ್ರ ಚೊಲೊ ಇತ್ತು ಅಂತ ನನಗ ದಿನಾ ಅನಸ್ತದ.”

ಆಮೇಲೆ ಹನ್ನೊಂದು ವರ್ಷ ಬದುಕಿದ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಕಚೇರಿಯಲ್ಲಿ ಮೂವತ್ತು ವರ್ಷ ಕೂತು ಬರೆದದ್ದರಲ್ಲಿ ಯಾರೂ ಹುಡುಕುವಂಥ ಒಂದು ಹಾಳೆಯೂ ಇಲ್ಲ. ಅವನು ಹೇಳಿದ್ದು ಸರಿಯೇ ಇತ್ತೇನೋ ಎಂದು ಈಗೀಗ ನನಗೂ ಅನ್ನಿಸುತ್ತದೆ.