ಮಂಗಳನಾಗ ನೀರೈತಂತ

ಬೆಟಗೇರಿಯ ನಮ್ಮ ಓಣಿಯಲ್ಲಿ ಬಾಜೂ ಮನೆಯ ಕಾಕು ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಂಡವರಲ್ಲ. ಅರ್ಧ ಕಿವಿಗೆ ಬಿದ್ದರೆ ಸಾಕು, "ತಿಳೀತ ಬಿಡಪಾ" ಎಂದು ಸೆರಗು ಸಿಕ್ಕಿಸಿ ಹೊರಟೇಬಿಡುವರು.

ಅವತ್ತು ಕಾಕುವಿನ ಮಗಳ ಮದುವೆಯ ಮಾತಿಗೆ ಮುಂಡರಗಿಯಿಂದ ಗಂಡಿನವರು ಊಟಕ್ಕೆ ಬರುವವರಿದ್ದರು. ನಲ್ಲಿ ನೋಡಿದರೆ ವಾರದಿಂದ ಒಣಗಿ ಕೂತಿತ್ತು. ಬಂದವರ ಕಾಲಿಗೆ ಕೊಡಲೂ ಮನೆಯಲ್ಲಿ ನೀರಿಲ್ಲ. ಕಾಕು ಬಾಗಿಲಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಅವರ ಮನಸ್ಸು ಬೇರೆಡೆ ತಿರುಗಲೆಂದು ನಾನು ಕಟ್ಟೆಯಿಂದಲೇ ಪೇಪರ್ ಓದಿ ಹೇಳಿದೆ.

"ಕಾಕೂ, ಮಂಗಳನಾಗ ನೀರೈತಂತ್ರಿ. ನೀರಿದ್ದಲ್ಲಿ ಜೀವಾನೂ ಇರಬಹುದಂತ ವಿಜ್ಞಾನಿಗಳು ಹುಡುಕಾಕ..."

"ತಿಳೀತ ಬಿಡಪಾ!"

ಎರಡು ಕೊಡ ಎತ್ತಿಕೊಂಡು ಕಾಕು ಹಿಂದಿನ ಓಣಿಯ ನೇಕಾರರ ಮನೆಯ ಮಂಗಳಾನ ಬಾಗಿಲಿಗೆ ನಡೆದೇಬಿಟ್ಟರು. ಬಣ್ಣ ಹಾಕಿ ಒಣಗಿಸಿದ್ದ ಮಂಗಳಾನ ನೂಲನ್ನು ಕಾಕುವಿನ ಆಡು ತಿಂದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ. ಗಾಬರಿಯಾಗಿ ನಾನೂ ಪೇಪರ್ ಹಿಡಿದು ಬೆನ್ನಟ್ಟಿದೆ.

"ನನ್ನ ಕಡೆ ನೀರೈತಂತ ಯಾರ ಹೇಳಿದ್ರು ನಿಮಗ?" ಮಂಗಳಾ ಹುಬ್ಬು ಗಂಟಿಕ್ಕಿದಳು.

"ಪೇಪರಿನ್ಯಾಗ ಬಂದೈತವ್ವಾ!"

"ಕಾಕೂ, ಅದು ಆಕಾಶದಾಗಿನ ಮಂಗಳ ಗ್ರಹರೀ," ಎಂದೆ.

ಮಂಗಳಾ ನಕ್ಕು ನಕ್ಕು ಹೊಸ್ತಿಲ ಮೇಲೆ ಕೂತಳು. ಆಮೇಲೆ ಒಳಗೆ ಹೋಗಿ, ತಾನು ಕಾಪಿಟ್ಟಿದ್ದ ಹಂಡೆಯಿಂದ ಎರಡೂ ಕೊಡ ತುಂಬಿ ತಂದಿಟ್ಟಳು. "ಜಲ್ದಿ ನಡೀರಿ, ಬೀಗರು ಬರೋ ಹೊತ್ತಾತು. ಆಡು ಮಾತ್ರ ಕಟ್ಟಿ ಹಾಕ್ರಿ."

ವಾಪಸು ಬರುವಾಗ ಒಂದು ಕೊಡ ಕಾಕುವಿನ ಸೊಂಟದಲ್ಲಿ, ಇನ್ನೊಂದು ನನ್ನ ಹೆಗಲ ಮೇಲೆ. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು ಅಂದರು:

"ಇನ್ನ ಹುಡುಕೂದು ಬ್ಯಾಡಂತ ಹೇಳಪಾ ನಿನ್ನ ವಿಜ್ಞಾನಿಗಳಿಗೆ. ಮಂಗಳಾನಾಗ ನೀರೂ ಐತಿ, ಜೀವಾನೂ ಐತಿ."