ಮುಳುಗಿದ ಹುಡುಗನೂ ನಮ್ಮಜ್ಜಿಯೂ

ಸಿನಿಮಾ ನೋಡಬೇಕೆಂದರೆ ಅಂಗಡಿಗೆ ಹೋಗಿ ಡಿವಿಡಿ ತರಬೇಕಿದ್ದ ಕಾಲವದು. ಮರಾಠಿಗರೇ ತುಂಬಿದ್ದ ಧನಕವಡಿಯ ನಮ್ಮ ಬಿಲ್ಡಿಂಗಿನಲ್ಲಿ ಡಿವಿಡಿ ಪ್ಲೇಯರ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ಭಾನುವಾರ ಸಂಜೆ ಮೆಟ್ಟಿಲ ಮೇಲೆ ಕೂತು ಉಳಿದ ಮಕ್ಕಳಿಗೆ ಕಥೆ ಹೇಳುವ ಹಕ್ಕು ನನ್ನದು. ನಾಲ್ಕನೇ ಕ್ಲಾಸಿನ ನನಗೆ ಅದಕ್ಕಿಂತ ದೊಡ್ಡ ಪದವಿ ಇರಲಿಲ್ಲ. ಅದಕ್ಕೆ ಕಲ್ಲು ಹಾಕಿದವಳು ನಮ್ಮಜ್ಜಿ.

ಆ ಮಳೆಗಾಲದಲ್ಲಿ ಅಪ್ಪ ಒಂದು ಇಟಾಲಿಯನ್ ಸಿನಿಮಾ ತಂದರು. ಬ್ರೆಡ್ಡಿನ ಅಂಗಡಿ ನಡೆಸುವ ತಾಯಿ, ಅವಳ ಪುಟ್ಟ ಮಗ, ಸುತ್ತ ನೂರೆಂಟು ಸುಳ್ಳು. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಅಪ್ಪ ನಿಲ್ಲಿಸಿ ನಿಲ್ಲಿಸಿ ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ಅವಳೋ, ಬೆಳ್ಳುಳ್ಳಿ ಒಗ್ಗರಣೆಯ ಚುರುಮುರಿ ಮೆಲ್ಲುತ್ತ, "ಅಕಿ ಗಂಡ ಎಲ್ಲಿ ಹೋದ? ಇವ್ರು ಊಟ ಯಾವಾಗ ಮಾಡ್ತಾರ?" ಎನ್ನುವಳು. ನನಗೆ ಮೈಯೆಲ್ಲ ಉರಿ.

ಕೊನೆಗೂ ಗುಟ್ಟು ಒಡೆಯಿತು. ಮಗ ಎಂದೋ ನದಿಯಲ್ಲಿ ಮುಳುಗಿ ಸತ್ತಿದ್ದ; ನಾವು ಅಷ್ಟು ಹೊತ್ತು ನೋಡಿದ್ದು ತಾಯಿಯ ಭ್ರಮೆ! ಸಂಜೆ ಇದನ್ನು ಹೇಗೆ ಹೇಳಲಿ ಎಂದು ಆಗಲೇ ಮನಸ್ಸಿನಲ್ಲಿ ಜೋಡಿಸತೊಡಗಿದೆ.

ಆದರೆ ಅಜ್ಜಿ ಏಳಲೊಲ್ಲಳು. ಧಾರವಾಡದಲ್ಲಿ ಪುರಾಣ ಕೇಳಿ ಬೆಳೆದವಳು. ಸಾವಿನ ಪ್ರಸಂಗಕ್ಕೆ ಪುರಾಣ ನಿಲ್ಲಿಸುವುದಿಲ್ಲ, ಶುಭದ ಮಾತು ಬಂದ ಮೇಲೆಯೇ ಏಳಬೇಕು.

"ಕೂಸು ಸತ್ತಲ್ಲಿಗೆ ಏಳಬಾರದು. ಮುಂದ ಹಚ್ಚು."

"ಮುಗೀತವ್ವಾ. ಅಷ್ಟ ಅದ," ಎಂದರು ಅಪ್ಪ. ಅವಳು ಕೇಳಲಿಲ್ಲ. ಬೇಸತ್ತು, ಡಿವಿಡಿಯ ಕೊನೆಗಿದ್ದ ಶೂಟಿಂಗಿನ ದೃಶ್ಯಗಳನ್ನು ಹಚ್ಚಿದರು. ಅಲ್ಲಿ ಆ ಹುಡುಗ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು, ನಗುತ್ತ ಬ್ರೆಡ್ಡು ತಿನ್ನುತ್ತಿದ್ದ.

"ನೋಡಿದಿ? ನೀರಿನಾಗಿಂದ ತಗದಾರ!"

"ಅವ್ವಾ, ಇದು ಸಿನಿಮಾ ಹೆಂಗ ಮಾಡ್ಯಾರ ಅಂತ ತೋರಸ್ಲಿಕತ್ತಾರ."

"ಅಂವ ಅದರೊಳಗ ಅದಾನೋ ಇಲ್ಲೋ?"

ಅಪ್ಪ ಪ್ಲೇಯರ್ ಆರಿಸಿದರು. ಅಜ್ಜಿ ಸಮಾಧಾನದಿಂದ ಎದ್ದಳು.

ಸಂಜೆ ಮೆಟ್ಟಿಲ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. "ಆ ಹುಡುಗ ಮೊದಲೇ ಸತ್ತಿದ್ದ" ಎಂದು ನಾನು ಹೇಳಿದ್ದೇ ತಡ, ಬಾಗಿಲಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಮರಾಠಿಯಲ್ಲಿ ಕೂಗಿದಳು: "ನಾಹೀ ಗ, ಮೇಲಾ ನಾಹೀ! ಪಾವ್ ಖಾತ ಹೋತಾ!" ಸತ್ತಿಲ್ಲವಂತೆ, ಪಾವ್ ತಿನ್ನುತ್ತಿದ್ದನಂತೆ! ಮಕ್ಕಳೆಲ್ಲ ಹೋ ಎಂದು ನಕ್ಕರು. ನಾನು ಸುಳ್ಳುಬುರುಕಿಯಾದೆ.

"ಅಜ್ಜೀ, ಅಂವ ಸತ್ತಾನ!" ಎಂದು ಚೀರಿದೆ.

"ಬಿಡ್ತು ಅನ್ನು."

"ಅನ್ನಂಗಿಲ್ಲ!"

"ಅನ್ನು. ಯಾರದರ ಆಗಲಿ, ಕೂಸು ಅದು."

ಎಲ್ಲರೆದುರು "ಬಿಡ್ತು" ಎಂದೆ. ಅಳು ಬಂತು. ಮುಂದಿನ ಭಾನುವಾರದಿಂದ ಮಕ್ಕಳು ಕಥೆ ಕೇಳಲು ಅಜ್ಜಿಯ ಹತ್ತಿರವೇ ಹೋಗತೊಡಗಿದರು.

ಈಗ ಸಿನಿಮಾ ಮೊಬೈಲಿನಲ್ಲೇ ಇದೆ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗಿರುತ್ತದೆ, ದರಿದ್ರದ್ದು. ಅಜ್ಜಿ ತೀರಿಕೊಂಡು ವರ್ಷಗಳಾದವು. ಮೊನ್ನೆ ಅದೇ ಸಿನಿಮಾ ಸಿಕ್ಕಿತು. ಯಾರ ಅಡ್ಡಿಯೂ ಇಲ್ಲದೆ ಪೂರ್ತಿ ನೋಡಿದೆ. ಎಷ್ಟು ಹುಡುಕಿದರೂ ಆ ಟವೆಲಿನ ಹುಡುಗ ಮಾತ್ರ ಸಿಗಲಿಲ್ಲ.

ಪಕ್ಕದಲ್ಲಿ ಅರ್ಧಂಬರ್ಧ ನೋಡುತ್ತಿದ್ದ ಮಗಳು ಕೇಳಿದಳು, "ಆ ಹುಡುಗಗ ಏನಾತು?"

"ಸತ್ತ."

"ಹೌದಾ," ಎಂದು ಎದ್ದು ಹೋದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಲ್ಲ, ಹೇಳಿದ ಕೂಡಲೇ ನಂಬಿಬಿಡುವುದೇ?