ಏಳು ನೆಗೆಣ್ಣಿಯರ ರಾಜ್ಯ

ನಾನು ಕಟ್ಟಿದ ರಾಜ್ಯಕ್ಕೆ ಮೂರು ಇತಿಹಾಸಗಳಿವೆ. ಮೂರೂ ನನ್ನವೇ, ಆದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಚ್ಚಾದದ್ದು ಮೂರನೆಯದು, ಚೆನ್ನಾಗಿದ್ದದ್ದು ಮೊದಲನೆಯದು. ಇಷ್ಟು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು. ನಾನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ಸಾವಿರದ ಒಂಬೈನೂರ ಇಪ್ಪತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ಬೆಳಗಾವಿಯ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮನೆ ಅನಗೋಳದಲ್ಲಿ. ಅಪ್ಪ ಬಸದಿಗಾಗಿ ಶಾಸ್ತ್ರಗಳನ್ನು ಪ್ರತಿ ಮಾಡುತ್ತಿದ್ದರು. ನಾನೂ ಅಕ್ಕನೂ ಅಕ್ಷರ ಕಲಿತದ್ದು ಅವರ ಮಗ್ಗುಲಲ್ಲಿ ಕೂತೇ. ಹೀಗಾಗಿ ಬರೆಯುವುದೆಂದರೆ ನನಗೆ ಗೊತ್ತಿದ್ದ ರೀತಿ ಒಂದೇ: ಉದ್ದನೆಯ ಬಿಡಿ ಹಾಳೆ, ಮೇಲೆ ‘ಓಂ ನಮಃ ಸಿದ್ಧೇಭ್ಯಃ’, ಎರಡೂ ಕಡೆ ಅಂಚು ಬಿಟ್ಟು ದುಂಡನೆಯ ಅಕ್ಷರ. ಮುಗಿದ ಮೇಲೆ ಹಾಳೆಗಳನ್ನು ಎರಡು ಹಲಗೆಗಳ ನಡುವೆ ಇಟ್ಟು ಕೆಂಪು ಬಟ್ಟೆಯಲ್ಲಿ ಕಟ್ಟುವುದು. ಕಿರಾಣಿ ಸಾಮಾನಿನ ಯಾದಿಯನ್ನೂ ನಾನು ಆ ಮಂಗಳವಿಲ್ಲದೆ ಬರೆಯುವುದಿಲ್ಲವೆಂದು ಅವ್ವ ನಗುತ್ತಿದ್ದಳು.

ಅಕ್ಕನನ್ನು ಖಾನಾಪುರಕ್ಕೆ ಕೊಟ್ಟಿತ್ತು. ಅಕ್ಕಿ ವ್ಯಾಪಾರದ ದೊಡ್ಡ ಮನೆ. ನಾಲ್ವರು ಅಣ್ಣತಮ್ಮಂದಿರು, ಅವರ ನಾಲ್ವರು ಹೆಂಡಂದಿರು. ಆ ನೆಗೆಣ್ಣಿಯರಲ್ಲಿ ಅಕ್ಕ ಕಿರಿಯಳು. ಕಿರಿಯಳೆಂದರೆ ಮೊದಲು ಏಳುವವಳು, ಕೊನೆಗೆ ಉಣ್ಣುವವಳು. ಮೊದಲ ಸಲ ತವರಿಗೆ ಬಂದಾಗ ಇಳಿದು ಕಡ್ಡಿಯಾಗಿದ್ದಳು.

ಅವಳನ್ನು ನಗಿಸಲೆಂದೇ ನಾನು ಆ ರಾಜ್ಯವನ್ನು ಹುಟ್ಟಿಸಿದೆ. ಒಂದೇ ಮನೆಯ ಏಳು ಜನ ನೆಗೆಣ್ಣಿಯರು ಕೆಲಸಕ್ಕೆ ಬೇಸತ್ತು, ಹರಗೋಲಿನಲ್ಲಿ ಬೀಸುಕಲ್ಲು ಇಟ್ಟುಕೊಂಡು ಸಮುದ್ರಗಳನ್ನು ದಾಟುತ್ತಾರೆ. ನಮ್ಮ ಶಾಸ್ತ್ರಗಳು ಹೇಳುವ ಮಾನುಷೋತ್ತರ ಪರ್ವತದ ಆಚೆ ಒಂದು ದ್ವೀಪದಲ್ಲಿ ರಾಜ್ಯ ಕಟ್ಟುತ್ತಾರೆ. ಅಲ್ಲಿ ರಾಜನಿಲ್ಲ. ಕಾನೂನು ಮಾಡುವವಳು ಎಲ್ಲರಿಗಿಂತ ಕಿರಿಯಳು. ದಿನಕ್ಕೆ ಎರಡು ಹಾಳೆ ಬರೆದು ಓದುತ್ತಿದ್ದೆ. ಅಕ್ಕ ಹೂವು ಕಟ್ಟುತ್ತ ಕೇಳಿ ತಾನೂ ಸೇರಿಸುತ್ತಿದ್ದಳು.

“ಅಡಿಗಿ ಮಾಡಿದಾಕಿ ಮೊದಲ ಉಣಬೇಕು ಅಂತ ಬರಿ ತಮ್ಮಾ. ಮತ್ತ, ‘ಇವತ್ತೇನ್ ಪಲ್ಯಾ’ ಅಂತ ಕೇಳಿದವ್ರಿಗೆ ಗಡಿಪಾರು.”

ಬರೆದೆ. ಹದಿನೈದು ದಿನದಲ್ಲಿ ಒಂದು ಕಟ್ಟಾಯಿತು. ಹೋಗುವಾಗ ಅದನ್ನು ಟ್ರಂಕಿನಲ್ಲಿ ಇಟ್ಟುಕೊಂಡು ಹೋದಳು.

ಮುಂದೆ ಆದದ್ದು ನಮ್ಮ ಜೈನರ ಮನೆಗಳಲ್ಲಿ ಮಾತ್ರ ಆಗಬಹುದಾದ ತಪ್ಪು. ಟ್ರಂಕು ತೆರೆದಾಗ ಕೆಂಪು ಕಟ್ಟು ಕಂಡ ಅಕ್ಕನ ಅತ್ತೆ ಕೈ ತೊಳೆದುಕೊಂಡು ಬಂದು, ಅದನ್ನು ಎರಡೂ ಕೈಯಲ್ಲಿ ಎತ್ತಿ ದೇವರ ಮುಂದಿನ ವ್ಯಾಸಪೀಠದ ಮೇಲೆ ಇಟ್ಟು ನಮಸ್ಕಾರ ಮಾಡಿದರು. ಆ ಮನೆಯಲ್ಲಿ ಓದಲು ಬರುತ್ತಿದ್ದ ಹೆಂಗಸು ಅಕ್ಕ ಒಬ್ಬಳೇ. “ತವರಿಂದ ಶಾಸ್ತ್ರ ತಂದೀದಿ, ದಿನಾ ಒಂದ್ ತಾಸ ಓದಿ ಹೇಳವಾ” ಎಂದರು. ಅಕ್ಕ ಇಲ್ಲವೆನ್ನಲಿಲ್ಲ. ಗಂಡಸರಿಗೆ ಹೆಂಗಸರ ಓದಿನ ಗೊಡವೆಯೇ ಇರಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಹೆಂಗಸರು ಅಕ್ಕಿ ಆರಿಸುತ್ತ ಕೂತರೆ ಅಕ್ಕ ಪೀಠದ ಮುಂದೆ ಕೂತು ಓದುವಳು. ಓದುವವಳ ಕೈಗೆ ಮೊರ ಕೊಡುವಂತಿಲ್ಲ, ಯಾರೂ ಎಬ್ಬಿಸುವಂತಿಲ್ಲ. ಓಣಿಯವರೂ ಬರತೊಡಗಿದರು. ಕಟ್ಟು ಮುಗಿದರೆ ಮತ್ತೆ ಮೊದಲಿನಿಂದ. ಹೀಗೆ ನಾಲ್ಕು ವರ್ಷ ನಡೆಯಿತು. ಇದು ಶುರುವಾದ ಮೇಲೆ ಮೊದಲ ಸಲ ತವರಿಗೆ ಬಂದಾಗಲೇ ಅಕ್ಕ ಇದನ್ನೆಲ್ಲ ಹೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ಕೈ ಹಿಡಿದಳು.

“ಆ ಒಂದ್ ತಾಸ ನಂದು ತಮ್ಮಾ. ಯಾರ ಮುಂದೂ ಬಾಯಿ ಬಿಡಬ್ಯಾಡ.”

ಬಿಡುವುದಿಲ್ಲ ಎಂದೆ.

ಇತ್ತ ನನಗೆ ಗ್ರಂಥಕರ್ತನಾಗುವ ಹುಚ್ಚು ಹಿಡಿದಿತ್ತು. ನೆನಪಿನಿಂದ ಮತ್ತೊಮ್ಮೆ ಬರೆದು ನಮ್ಮ ಬಸದಿಯ ಪಂಡಿತರಿಗೆ ತೋರಿಸಿದೆ. ಅವರು ಮೊದಲ ಹಾಳೆಗೇ ನಿಂತರು. “ಮಾನುಷೋತ್ತರದ ಆಚೆ ಮನಷ್ಯಾರು ಇರಂಗಿಲ್ಲೋ ಹುಚ್ಚಪ್ಪಾ. ಹೆಸರ ಹೇಳ್ತೈತಿ! ಬೇಕಂದ್ರ ಲವಣ ಸಮುದ್ರದಾಗ ದ್ವೀಪ ಅದಾವು, ಅಲ್ಲಿ ಕುದರಿ ಮಾರಿ ಮಂದಿ ಇರ್ತಾರ.” ನನ್ನ ನೆಗೆಣ್ಣಿಯರಿಗೆ ಕುದುರೆ ಮುಖ ಹಚ್ಚಲು ಮನಸ್ಸಾಗಲಿಲ್ಲ. ಪರ್ವತ, ಸಮುದ್ರ ಎರಡನ್ನೂ ಹೊಡೆದುಹಾಕಿ ರಾಜ್ಯವನ್ನು ಈಚೆಗೆ ಎಳೆದು ತಂದೆ. ಅದು ಎರಡನೆಯ ಇತಿಹಾಸ.

ಅದನ್ನು ಒಂದು ಅಚ್ಚುಕೂಟಕ್ಕೆ ಒಯ್ದರೆ ಅಲ್ಲಿನ ಯಜಮಾನರಿಗೆ ಬೇರೆಯೇ ಚಿಂತೆ. “ರಾಜಾ ಇಲ್ದ ರಾಜ್ಯ ಎಲ್ಲೆರ ಐತೇನ್ರೀ ಮಾಸ್ತರ? ಓದಾವ್ರು ನಗ್ತಾರ.” ಹದಿನೈದು ದಿನ ಮುನಿಸಿಕೊಂಡಿದ್ದು ಆಮೇಲೆ ಒಬ್ಬ ರಾಜನನ್ನು ಹುಟ್ಟಿಸಿದೆ. ರಾಜ್ಯ ಗೆದ್ದವನು ಅವನು. ಏಳು ಜನರೂ ಅವನ ರಾಣಿಯರಾದರು. ಕಾನೂನು ಮಾಡುತ್ತಿದ್ದ ಕಿರಿಯಳು ಈಗ ಅವನಿಗೆ ಚಾಮರ ಬೀಸುತ್ತಿದ್ದಳು. ಪುಸ್ತಕ ಅಚ್ಚಾಯಿತು, ಹೊದಿಕೆಯ ಮೇಲೆ ನನ್ನ ಹೆಸರು ದಪ್ಪಕ್ಷರದಲ್ಲಿ ಬಂತು. ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮರುದಿನವೇ ಬೆಳಗಿನ ರೈಲಿಗೆ ಖಾನಾಪುರಕ್ಕೆ ಹೋದೆ. ಊಟವಾಯಿತು, ಹೆಂಗಸರು ನೆರೆದರು. ‘ಇವತ್ತು ನಾನು ಓದುತ್ತೇನೆ’ ಎಂದು ಹೊಸ ಪುಸ್ತಕ ತೆಗೆದೆ. ಅಕ್ಕ ಬೇಡವೆಂದು ಕಣ್ಸನ್ನೆ ಮಾಡಿದಳು. ನೋಡಿಯೂ ನೋಡದಂತೆ ಓದತೊಡಗಿದೆ. ಎರಡು ಪುಟ ಆಗಿರಲಿಲ್ಲ, ಹಿರಿಯ ನೆಗೆಣ್ಣಿ ಮೊರ ಕೆಳಗಿಟ್ಟಳು.

“ತಪ್ಪ ಐತ್ರಿ ಇದು. ಅಲ್ಲಿ ರಾಜಾ ಇಲ್ರಿ.”

“ಏಳೂ ಮಂದಿ ನೆಗೆಣ್ಣೇರು. ಒಬ್ಬನ ಹೆಂಡರಲ್ಲ,” ಎಂದಳು ಇನ್ನೊಬ್ಬಳು.

ಅತ್ತೆ ನನ್ನ ಮೇಲೆ ಕರುಣೆಯಿಟ್ಟು ಹೇಳಿದರು: “ಇವ್ರಿಗೆ ಯಾರೋ ತಪ್ಪ ಹೇಳ್ಯಾರ. ನಮ್ಮ ಶಾಸ್ತ್ರದಾಗ ಸರಿ ಐತಿ ನೋಡ್ರಿ.”

ನನ್ನ ಪುಸ್ತಕ ನನ್ನೆದುರೇ ತಪ್ಪಾಯಿತು. ಸಿಟ್ಟು ನೆತ್ತಿಗೇರಿತು.

“ಯಾವ ಶಾಸ್ತ್ರರೀ? ಅಕ್ಕನ್ನ ನಗಸಾಕ ನಾನ ಬರದದ್ದು ಅದು, ಹುಡುಗಾಟಕಿ. ಅಚ್ಚಾಗಿದ್ದ ಖರೇ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅತ್ತೆ ಎದ್ದು ಕಟ್ಟನ್ನು ಬಿಚ್ಚಿ, ಬಟ್ಟೆಯನ್ನು ಮಡಿಚಿ ಒಳಗಿಟ್ಟರು. ಹಾಳೆಗಳನ್ನು ನನ್ನ ಮುಂದೆ ಇಟ್ಟರು. ಅಕ್ಕನಿಗೆ ಬಯ್ಯಲಿಲ್ಲ. “ಒಳಗ ಮುಸುರಿ ಭಾಂಡೆ ಹಂಗ ಬಿದ್ದಾವ” ಎಂದರು, ಅಷ್ಟೇ. ಅಕ್ಕ ಎದ್ದು ಒಳಗೆ ಹೋದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಹಾಳೆಗಳನ್ನು ಅನಗೋಳಕ್ಕೆ ತಂದು, ಆ ಸಿಟ್ಟಿನಲ್ಲೇ ಬಚ್ಚಲ ಒಲೆಗೆ ಹಾಕಿದೆ. ಪುಸ್ತಕವನ್ನು ಹತ್ತೆಂಟು ಜನ ಹೊಗಳಿದರು, ಆಮೇಲೆ ಮರೆತರು. ಖಾನಾಪುರಕ್ಕೆ ಯಾವ ಮಧ್ಯಾಹ್ನ ಹೋದರೂ ಅಕ್ಕನ ಕೈಯಲ್ಲಿ ಒಂದಲ್ಲ ಒಂದು ಕೆಲಸವಿರುತ್ತಿತ್ತು. ನನಗೆ ನಾಚಿಕೆಯಾಗುತ್ತಿತ್ತು, ಹೇಳುವ ಧೈರ್ಯವಿರಲಿಲ್ಲ.

ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಪದ್ಧತಿಯಿದೆ. ಕೇಳಿದವರಿಗೆ ಇಲ್ಲವೆನ್ನುವಂತಿಲ್ಲ. ಒಂದು ವರ್ಷ ಅದನ್ನೇ ನೆಪ ಮಾಡಿಕೊಂಡು ಹೋಗಿ ಅಕ್ಕನ ಮುಂದೆ ಕೈಮುಗಿದೆ.

“ಕ್ಷಮಾ ಮಾಡೀನಿ ತಮ್ಮಾ. ನನ್ನಿಂದ ತಪ್ಪಾಗಿದ್ರ ನೀನೂ ಕ್ಷಮಾ ಮಾಡು,” ಎಂದಳು, ಎಲ್ಲರಿಗೂ ಹೇಳಿದ ಹಾಗೆಯೇ.

ನನಗೆ ಅಷ್ಟು ಸಾಕಾಗಲಿಲ್ಲ. “ಅಕ್ಕಾ, ಮೊದಲಿಂದು ನನಗ ಪೂರ್ತಿ ನೆನಪಿಲ್ಲ. ನೀ ಹೇಳು, ಹಂಗ ಬರಕೋತೀನಿ. ರಾಜನ್ನ ತಗದ ಹಾಕ್ತೀನಿ,” ಎಂದೆ.

ಅಕ್ಕ ನನ್ನನ್ನೇ ನೋಡಿದಳು. ನಾಲ್ಕು ವರ್ಷ ದಿನಾಲು ಓದಿ ಹೇಳಿದವಳು. ಒಂದು ಸಾಲೂ ಮರೆತಿರಲಿಲ್ಲವೆಂದು ಆ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು.

“ನನಗೂ ನೆನಪಿಲ್ಲ,” ಎಂದಳು. “ಅಚ್ಚಾಗಿದ್ದ ಖರೇ ಅಂತ ಎಲ್ಲಾರ ಮುಂದ ನೀನ ಹೇಳೀದಿ. ಅದನ್ನ ಓದಕೋ.”

ಒಳಗಿನಿಂದ ಅತ್ತೆ ಕರೆದರು. “ಬಂದ್ನಿರೀ” ಎಂದು ಅಕ್ಕ ಎದ್ದು ಹೋದಳು.